ರಾತ್ರಿಯ ಮಾತ್ರೆ, ಹಗಲಿನ ಮಂಕು

ಈ ಸಲ ಕೋಲಾರ ಜಿಲ್ಲೆಯಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಮನೆಯ ಹಿರಿಯರು, ಅವರ ನಿದ್ದೆ ಮಾತ್ರೆ, ಅವರ ಮರೆವು. ಹಾಗಾಗಿ ಬಿ.ಪಿ., ಮಂಡಿನೋವು ಎಲ್ಲ ಮುಂದಿನ ಸಂಚಿಕೆಗೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಅಮ್ಮನಿಗೆ 72. ಅಪ್ಪ ತೀರಿಕೊಂಡ ಮೇಲೆ ನಿದ್ದೆ ಬರ್ತಿಲ್ಲ ಅಂದಾಗ ಡಾಕ್ಟರು ಕ್ಲೋನಾಜೆಪಾಮ್ 0.5 ಬರೆದರು. ಹದಿನೈದು ದಿನಕ್ಕೆ ಅಂತ ಕೊಟ್ಟಿದ್ದು, ಎರಡು ವರ್ಷ ಆಯ್ತು, ಖಾಲಿ ಸ್ಟ್ರಿಪ್ ತೋರಿಸಿ ತರ್ತಾನೇ ಇದ್ದೀವಿ. ಮೊದಲು ಡೇರಿಗೆ ಹಾಕಿದ ಹಾಲಿನ ಲೆಕ್ಕ, ಯಾವತ್ತು ಎಷ್ಟು ಫ್ಯಾಟ್ ಬಂತು ಅನ್ನೋದು ಸಮೇತ ಬಟವಾಡೆ ದಿನದವರೆಗೂ ಬಾಯಲ್ಲೇ ಇಟ್ಕೊಂಡಿರ್ತಿದ್ದರು. ಈಗ ಸಾರಿಗೆ ಎರಡು ಸಲ ಉಪ್ಪು ಹಾಕ್ತಾರೆ, ಕೇಳಿದ್ದನ್ನೇ ಕೇಳ್ತಾರೆ, ಹೋದ ತಿಂಗಳು ಬಚ್ಚಲಲ್ಲಿ ಬಿದ್ದರು. ನೆಂಟರೆಲ್ಲ ಅರವತ್ತಕ್ಕೆ ಅರಳು ಮರಳು ಅಂತಾರೆ. ಮಾತ್ರೆ ನುಂಗೋದು ರಾತ್ರಿ ಒಂದೇ. ಅದಕ್ಕೂ ಬೆಳಿಗ್ಗೆ ಹನ್ನೊಂದು ಗಂಟೆಯ ಮರೆವಿಗೂ ಏನು ಸಂಬಂಧ? (ಶ್ರೀನಿವಾಸಪುರ ತಾಲ್ಲೂಕು)

ಉತ್ತರ: ಸಂಬಂಧ ಇದೆ, ಜಾಸ್ತಿಯೇ ಇದೆ. ರಾತ್ರಿ ನುಂಗಿದ್ದು ಬೆಳಗಾಗುವ ಹೊತ್ತಿಗೆ ಇಳಿದುಹೋಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕ್ಲೋನಾಜೆಪಾಮ್ ವಿಷಯದಲ್ಲಿ ಇದು ತಪ್ಪು. ಈ ಔಷಧದ ಅರ್ಧ ಭಾಗ ಮೈಯಿಂದ ಹೊರಹೋಗುವುದಕ್ಕೇ ಸುಮಾರು 30ರಿಂದ 40 ಗಂಟೆ ಬೇಕು. ನಿಮ್ಮ ಅಮ್ಮ 24 ಗಂಟೆಗೆ ಒಂದು ನುಂಗುತ್ತಾರೆ. ಅಂದರೆ ಮೊದಲಿನದರಲ್ಲಿ ಅರ್ಧವೂ ಖಾಲಿಯಾಗಿರುವುದಿಲ್ಲ, ಅದರ ಮೇಲೆ ಇನ್ನೊಂದು ಬಂದು ಬೀಳುತ್ತದೆ. ಸಣ್ಣ ತೂತಿರುವ ತೊಟ್ಟಿಗೆ ದಿನಾ ಒಂದು ಬಿಂದಿಗೆ ಸುರಿದ ಹಾಗೆ. ಕೆಲವು ದಿನಗಳಲ್ಲಿ ನೀರು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಆಮೇಲೆ ಆ ತೊಟ್ಟಿ ಯಾವತ್ತೂ ಖಾಲಿ ಇರುವುದಿಲ್ಲ. ಎರಡು ವರ್ಷದಿಂದ ನಿಮ್ಮ ಅಮ್ಮನ ಮೆದುಳು ಈ ಔಷಧ ಇಲ್ಲದ ಒಂದು ಹಗಲನ್ನೂ ಕಂಡಿಲ್ಲ.

ವಯಸ್ಸು ಇದನ್ನು ಇನ್ನೂ ಕೆಡಿಸುತ್ತದೆ. ಇದೇ ಬಳಗದ ಡಯಾಜೆಪಾಮ್ ತೆಗೆದುಕೊಳ್ಳಿ. ಇಪ್ಪತ್ತರ ಹುಡುಗನ ಮೈಯಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ಸಾಕು, ಎಂಬತ್ತರವರಿಗೆ ಸುಮಾರು 90 ಗಂಟೆ ಬೇಕು. ವಯಸ್ಸಾದಂತೆ ಮೈಯಲ್ಲಿ ಮಾಂಸ ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚುತ್ತದೆ. ಈ ಮಾತ್ರೆಗಳು ಕೊಬ್ಬಿನಲ್ಲಿ ಸೇರಿಕೊಳ್ಳುವ ಜಾತಿಯವು. ಯಕೃತ್ತಿನ ಕೆಲಸವೂ ನಿಧಾನವಾಗಿರುತ್ತದೆ. ಜೊತೆಗೆ ಹಿರಿಯರ ಮೆದುಳು ಅಷ್ಟೇ ಔಷಧಕ್ಕೆ ಹೆಚ್ಚು ಮಂಕಾಗುತ್ತದೆ. ಅಲ್ಪ್ರಾಜೋಲಾಮ್, ಲೋರಾಜೆಪಾಮ್ ಇಷ್ಟು ಹೊತ್ತು ಉಳಿಯುವುದಿಲ್ಲ. ಆದರೂ ಹಿರಿಯರಲ್ಲಿ ಮರುದಿನದ ಅರ್ಧ ಹಗಲನ್ನು ಅವೂ ಸುಲಭವಾಗಿ ತಿನ್ನುತ್ತವೆ.

ಇವೆಲ್ಲ ಮೆದುಳಿನಲ್ಲಿ ಗಾಬಾ ಅನ್ನುವ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತವೆ, ನರಕೋಶಗಳ ಗಲಾಟೆ ತಗ್ಗುತ್ತದೆ, ಅದಕ್ಕೇ ನಿದ್ದೆ ಬರುವುದು. ಆದರೆ ಹೊಸ ನೆನಪು ಕೂರಬೇಕಾದರೆ ಆ ಗಲಾಟೆ ಸ್ವಲ್ಪ ಬೇಕು. ಆದ್ದರಿಂದ ಹಳೆಯದು ಹೋಗುವುದಿಲ್ಲ, ಹೊಸದು ಒಳಗೆ ಇಳಿಯುವುದಿಲ್ಲ. ನಿಮ್ಮ ಅಮ್ಮನಿಗೆ ಉಪ್ಪು ಎಷ್ಟು ಹಾಕಬೇಕು ಅನ್ನುವುದು ಇವತ್ತಿಗೂ ಗೊತ್ತು. ಆಗಲೇ ಹಾಕಿದೆ ಅನ್ನುವುದು ದಾಖಲಾಗಿಲ್ಲ, ಅಷ್ಟೇ. ಬಚ್ಚಲಲ್ಲಿ ಬಿದ್ದದ್ದನ್ನೂ ಇದೇ ಲೆಕ್ಕಕ್ಕೆ ಸೇರಿಸಿ ನೋಡಬೇಕು, ಯಾಕೆಂದರೆ ಈ ಮಾತ್ರೆಗಳು ಹಿರಿಯರ ಸಮತೋಲನ ಕೆಡಿಸುತ್ತವೆ, ಬಿದ್ದು ಸೊಂಟದ ಮೂಳೆ ಮುರಿಯುವ ಅಪಾಯವನ್ನು ಹೆಚ್ಚಿಸುತ್ತವೆ. ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಹಿರಿಯರಿಗೆ ಕೊಡಬಾರದ ಔಷಧಗಳ ಪಟ್ಟಿ ಮಾಡಿದರು. ಅದು ಕಾಲಕಾಲಕ್ಕೆ ಪರಿಷ್ಕಾರವಾಗುತ್ತದೆ. 2023ರ ಪಟ್ಟಿಯಲ್ಲೂ ಈ ಇಡೀ ಬಳಗ ಇದೆ.

ಹಾಗಾದರೆ ಇದು ಮರೆವಿನ ಕಾಯಿಲೆ ಅಲ್ಲವೇ ಅಲ್ಲ ಅಂತ ನಾನು ಇಲ್ಲಿಂದಲೇ ಹೇಳಿದರೆ ಅದು ಉಡಾಫೆ. ಎರಡೂ ಒಟ್ಟಿಗೆ ಇರಬಹುದು. ಅಪ್ಪ ಹೋದ ದುಃಖ ಖಿನ್ನತೆಯಾಗಿ ತಿರುಗಿದ್ದರೆ ಅದೂ ಮರೆವಿನ ಹಾಗೇ ಕಾಣುತ್ತದೆ. ಮನೆಯವರು ಕೂತು ನೆನಪಿಸಿಕೊಳ್ಳಬೇಕಾದ ಪ್ರಶ್ನೆ ಒಂದು: ಮರೆವು ಶುರುವಾಗಿದ್ದು ಮಾತ್ರೆಗೆ ಮೊದಲೋ ಆಮೇಲೋ? ಮೊದಲೇ ನಿಧಾನವಾಗಿ ಶುರುವಾಗಿ ವರ್ಷದಿಂದ ವರ್ಷಕ್ಕೆ ಬೆಳೆದಿದ್ದರೆ ಒಂದು ದಾರಿ. ಮಾತ್ರೆ ಶುರುವಾದ ಮೇಲೆ, ಅಥವಾ ಡೋಸ್ ಏರಿಸಿದ ಮೇಲೆ ಬಂದಿದ್ದರೆ, ಬೆಳಿಗ್ಗೆ ಜಾಸ್ತಿ ಸಂಜೆ ವಾಸಿ ಅನ್ನುವ ಹಾಗಿದ್ದರೆ, ಅನುಮಾನ ಮೊದಲು ಮಾತ್ರೆಯ ಮೇಲೆ.

ಮನೆಯಲ್ಲಿರುವ ಎಲ್ಲಾ ಮಾತ್ರೆಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ. ನೆಗಡಿಗೆ ತಂದದ್ದು, ಗ್ಯಾಸಿಗೆ ತಂದದ್ದು, ಪಕ್ಕದ ಮನೆಯವರು ಕೊಟ್ಟದ್ದು ಎಲ್ಲಾ. ಬಿ12, ಥೈರಾಯ್ಡ್, ಸೋಡಿಯಂ, ಸಕ್ಕರೆ, ಹಿಮೋಗ್ಲೋಬಿನ್ ರಕ್ತಪರೀಕ್ಷೆ ಆಗಲಿ. ಬಿದ್ದಾಗ ತಲೆಗೆ ಏಟಾಗಿದ್ದರೆ ಅದನ್ನು ಮರೆಯದೆ ಹೇಳಿ, ಏಟು ಬಿದ್ದ ಕೆಲವು ವಾರಗಳ ಮೇಲೆ ತಲೆಯೊಳಗೆ ನಿಧಾನವಾಗಿ ರಕ್ತ ಸೇರಿಕೊಂಡು ಮಂಕು ಹೆಚ್ಚುವುದುಂಟು. ದೂರ ಹೋಗಬೇಕಾಗಿಲ್ಲ. ಕರ್ನಾಟಕ ಮೆದುಳು ಆರೋಗ್ಯ ಯೋಜನೆಯನ್ನು 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಶುರು ಮಾಡಿದಾಗ ಮೊದಲು ಆರಿಸಿಕೊಂಡ ಜಾಗಗಳಲ್ಲಿ ಕೋಲಾರ ಮತ್ತು ಚಿಕ್ಕಬಳ್ಳಾಪುರ ಇದ್ದವು. ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯಲ್ಲಿ ವಿಚಾರಿಸಿ. ಅಂದಹಾಗೆ ನಿಮ್ಮ ತಾಲ್ಲೂಕಿನ ಹಳ್ಳಿಗಳಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದವರ ನೆನಪಿನ ಶಕ್ತಿಯನ್ನು ವರ್ಷಗಳ ಕಾಲ ಗಮನಿಸುವ ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. ನಿಮ್ಮ ಊರಿನಲ್ಲಿ ಯಾರಾದರೂ ಅದರಲ್ಲಿ ಇರಲೂಬಹುದು.

ಒಂದು ಮಾತು. ನೆನಪಿನ ಪರೀಕ್ಷೆ ಮಾಡುವಾಗ ಮನೆಮಾತು ತೆಲುಗಾಗಿದ್ದರೆ ತೆಲುಗಿನಲ್ಲೇ ಕೇಳಿ ಅಂತ ಹೇಳಲು ಸಂಕೋಚ ಬೇಡ. ಶಾಲೆಗೆ ಹೋಗದ ಹೆಂಗಸನ್ನು ನೂರರಿಂದ ಏಳೇಳು ಕಳೆಯಿರಿ ಅಂದರೆ ಏನು ತಿಳಿಯುತ್ತದೆ? ಹಾಲಿನ ಲೆಕ್ಕ ಕೇಳಿದರೆ ತಿಳಿಯುತ್ತದೆ. ಅದನ್ನು ನೀವೇ ಡಾಕ್ಟರಿಗೆ ಹೇಳಿ, ಮೊದಲು ಹೇಗಿತ್ತು, ಈಗ ಹೇಗಿದೆ ಅಂತ.

ಮತ್ತೆ ಇದನ್ನು ಓದಿ ಇವತ್ತು ರಾತ್ರಿಯೇ ಮಾತ್ರೆ ತಪ್ಪಿಸಬೇಡಿ. ಯಾಕೆ ಅಂತ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಮೊಬೈಲಿನಲ್ಲಿ ನಿದ್ದೆ ಮಾತ್ರೆಯ ಅಪಾಯದ ಬಗ್ಗೆ ವಿಡಿಯೋ ನೋಡಿ ನಮ್ಮ ತಂದೆಯ ಅಲ್ಪ್ರಾಜೋಲಾಮ್ ಸ್ಟ್ರಿಪ್ ತಿಪ್ಪೆಗೆ ಎಸೆದೆ. ಆರು ವರ್ಷದಿಂದ ತಗೊಳ್ತಿದ್ದರು. ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ, ಕೈ ನಡುಕ, ಬೆವರು, ಮನೇಲಿ ಯಾರೋ ಓಡಾಡ್ತಿದ್ದಾರೆ ಅಂದರು. ಹೆದರಿ ಮತ್ತೆ ತಂದು ಕೊಟ್ಟೆವು, ಸರಿಹೋದರು. ಅಂದ್ರೆ ಇನ್ನು ಜೀವನಪೂರ್ತಿ ಇದೇನಾ? (ಮುಳಬಾಗಿಲು)

ಉತ್ತರ: ಅಲ್ಲ. ಆದರೆ ಮತ್ತೆ ಕೊಟ್ಟಿದ್ದು ಒಳ್ಳೆಯದಾಯಿತು. ವರ್ಷಗಟ್ಟಲೆ ತೆಗೆದುಕೊಂಡವರು ಇದನ್ನು ದಿಢೀರ್ ಅಂತ ಬಿಟ್ಟರೆ ಫಿಟ್ಸ್ ಬರಬಹುದು, ಪ್ರಾಣಕ್ಕೇ ಕುತ್ತಾಗಬಹುದು. ಅಲ್ಪ್ರಾಜೋಲಾಮ್ ಬೇಗ ಇಳಿಯುವ ಮಾತ್ರೆ, ಹಾಗಾಗಿ ಬಿಟ್ಟಾಗಿನ ತೊಂದರೆಯೂ ಬೇಗ ಬರುತ್ತದೆ, ಜೋರಾಗಿ ಬರುತ್ತದೆ. ಈ ಮಾತ್ರೆಗಳ ದುರ್ಬಳಕೆ, ಚಟ ಮತ್ತು ಬಿಟ್ಟಾಗಿನ ತೊಂದರೆ ಎಲ್ಲದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಅತಿ ಗಂಭೀರ ಎಚ್ಚರಿಕೆಯನ್ನು ಲೇಬಲ್ಲಿನ ಮೇಲೇ ಹಾಕಿಸಿದರು. ಆ ವಿಡಿಯೋ ಮಾಡಿದವರು ಅಪಾಯ ಹೇಳಿ, ಬಿಡುವ ಕ್ರಮ ಹೇಳದೆ ಹೋಗಿದ್ದಾರೆ. ಇಂಥವರ ಮೇಲೆ ನನಗೆ ಸಿಟ್ಟಿದೆ.

ಬಿಡುವುದು ನಿಧಾನದ ಕೆಲಸ. ಡಾಕ್ಟರು ಈಗಿನ ಡೋಸಿನಲ್ಲಿ ಹತ್ತು ಪರ್ಸೆಂಟ್ ಆಸುಪಾಸು ಇಳಿಸುತ್ತಾರೆ, ಎರಡರಿಂದ ನಾಲ್ಕು ವಾರ ನೋಡುತ್ತಾರೆ, ಮತ್ತೆ ಇಳಿಸುತ್ತಾರೆ. ಕೆಲವರಿಗೆ ಅಲ್ಪ್ರಾಜೋಲಾಮ್ ಬದಲು ನಿಧಾನಕ್ಕೆ ಇಳಿಯುವ ಬೇರೆ ಮಾತ್ರೆಗೆ ಬದಲಾಯಿಸಿ ಆಮೇಲೆ ಕಡಿಮೆ ಮಾಡುತ್ತಾರೆ. ಇವತ್ತು ತಗೊಂಡು ನಾಳೆ ಬಿಟ್ಟು ಮತ್ತೆ ನಾಡಿದ್ದು ತೆಗೆದುಕೊಳ್ಳುವುದು ಬೇಡ, ಅದು ಮೈಗೆ ದಿನ ಬಿಟ್ಟು ದಿನ ಹಿಂಸೆ. ಮಾತ್ರೆಯ ಹೆಸರಿನ ಪಕ್ಕ ಎಸ್‌ಆರ್ ಅಂತ ಇದ್ದರೆ ಬ್ಲೇಡು ಹಿಡಿದು ತುಂಡು ಮಾಡಬೇಡಿ. ಅದು ನಿಧಾನವಾಗಿ ಕರಗಲೆಂದು ಮಾಡಿದ ಮಾತ್ರೆ, ತುಂಡಾದರೆ ಔಷಧ ಒಮ್ಮೆಲೇ ಇಳಿಯುತ್ತದೆ. ಸಂತೆ ದಿನ ಸ್ವಲ್ಪ ಕುಡಿಯುವ ಅಭ್ಯಾಸ ತಂದೆಗೆ ಇದ್ದರೆ ಅದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ಮದ್ಯ ಮತ್ತು ಈ ಮಾತ್ರೆ ಎರಡೂ ಸೇರಿದರೆ ಉಸಿರೇ ಕುಗ್ಗಬಹುದು.

ಆಗುತ್ತದಾ ಅಂದರೆ ಆಗುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ ಹಿರಿಯರಿಗೆ ಒಂದು ಪುಸ್ತಿಕೆ ಕೊಟ್ಟರು. ಮಾತ್ರೆ ಏನು ಮಾಡುತ್ತದೆ, ತಿಂಗಳುಗಟ್ಟಲೆ ಹೇಗೆ ಇಳಿಸಬೇಕು ಅನ್ನುವುದು ಅದರಲ್ಲಿತ್ತು, ಅಷ್ಟೇ. ಆರು ತಿಂಗಳಲ್ಲಿ 27 ಪರ್ಸೆಂಟ್ ಜನ ಪೂರ್ತಿ ಬಿಟ್ಟಿದ್ದರು. ಪುಸ್ತಿಕೆ ಸಿಗದವರಲ್ಲಿ ಬಿಟ್ಟವರು 5 ಪರ್ಸೆಂಟ್.

ಇಳಿಸುವಾಗ ಕೆಲವು ರಾತ್ರಿ ನಿದ್ದೆ ಕೆಡುತ್ತದೆ. ಇದು ಹಳೇ ಕಾಯಿಲೆ ಮರಳಿ ಬಂದದ್ದಲ್ಲ, ಮೈ ಹೊಂದಿಕೊಳ್ಳುತ್ತಿರುವುದು. ಮತ್ತೆ ತಂದೆ ಎಷ್ಟು ಗಂಟೆಗೆ ಮಲಗುತ್ತಾರೆ ಅಂತ ಒಂದು ಸಲ ನೋಡಿ. ನಮ್ಮ ಹಳ್ಳಿಗಳಲ್ಲಿ ಎಂಟಕ್ಕೆ ಮುದ್ದೆ ಉಂಡು ಎಂಟೂವರೆಗೆ ಮಲಗಿ, ಮೂರು ಗಂಟೆಗೇ ಎಚ್ಚರ ಆಗುತ್ತೆ ಡಾಕ್ಟ್ರೇ, ನಿದ್ದೆನೇ ಇಲ್ಲ ಅಂತ ಬರುತ್ತಾರೆ. ಅಲ್ಲಾ, ಆರೂವರೆ ಗಂಟೆ ಆಯಿತಲ್ವಾ! ಮಧ್ಯಾಹ್ನ ಜಗಲಿಯ ಮೇಲೆ ಒಂದು ಗಂಟೆ ತೂಕಡಿಸಿದ್ದು ಬೇರೆ. ಎಪ್ಪತ್ತರವರಿಗೆ ಇಷ್ಟು ನಿದ್ದೆ ಕಡಿಮೆಯೇನಲ್ಲ. ಮಲಗುವುದನ್ನು ಹತ್ತಕ್ಕೆ ತಳ್ಳಿ, ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ನಿಲ್ಲಿಸಿ, ಸಂಜೆಯ ಕಾಫಿ ಬಿಡಿಸಿ. ಸುಮ್ನೆ ಹೇಳುತ್ತಿಲ್ಲ, ಹಿರಿಯರ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕಾದ ಚಿಕಿತ್ಸೆ ಈ ಥರದ್ದೇ. ಮಧ್ಯೆ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಫಿಟ್ಸ್ ಬಂದರೆ ಮಾತ್ರ ಫೋನು ಹಿಡಿದು ಕೂರಬೇಡಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, 68. ಹನ್ನೆರಡು ವರ್ಷ ನಿದ್ದೆ ಮಾತ್ರೆ ತೆಗೆದುಕೊಂಡೆ. ಡಾಕ್ಟರ ಸಲಹೆಯಂತೆ ನಿಧಾನವಾಗಿ ಇಳಿಸಿ ಬಿಟ್ಟು ಏಳು ತಿಂಗಳಾಯಿತು. ನಡಿಗೆ ಚೆನ್ನಾಗಿದೆ, ಬೆಳಗಿನ ಮಂಪರು ಇಲ್ಲ. ಆದರೆ ಪದಬಂಧ ಬಿಡಿಸುವಾಗ ಹೊಳೆಯಬೇಕಾದ ಪದ ಹೊಳೆಯುವುದಿಲ್ಲ, ಹೊಸಬರ ಹೆಸರು ನಿಲ್ಲುವುದಿಲ್ಲ. ಮಾತ್ರೆ ಮೆದುಳನ್ನು ಶಾಶ್ವತವಾಗಿ ಹಾಳು ಮಾಡಿತೇ? ಈಗ ನಿದ್ದೆಗೆ ಅಮಿಟ್ರಿಪ್ಟಿಲಿನ್ 25 ಕೊಟ್ಟಿದ್ದಾರೆ, ಇದು ಅಭ್ಯಾಸ ಆಗುವುದಿಲ್ಲವಂತೆ. (ಕೋಲಾರ)

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಸ್ವಲ್ಪ ಕಹಿ, ಆದರೆ ನಿಮ್ಮ ಪ್ರಶ್ನೆಯ ಕೊನೇ ಸಾಲಿನಲ್ಲಿ ಒಂದು ಸಿಹಿ ಇದೆ.

ಕಹಿ ಮೊದಲು. ದೀರ್ಘಕಾಲ ತೆಗೆದುಕೊಂಡು ಬಿಟ್ಟವರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಆಸ್ಟ್ರೇಲಿಯಾದ ಸಂಶೋಧಕರು 2004ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಬಿಟ್ಟ ಮೇಲೆ ಬುದ್ಧಿ ಚುರುಕಾಗುತ್ತದೆ, ಅದು ಸ್ಪಷ್ಟ. ಆದರೆ ಆರು ತಿಂಗಳ ಹೊತ್ತಿಗೂ ಅವರು ಮಾತ್ರೆ ಮುಟ್ಟದವರ ಮಟ್ಟಕ್ಕೆ ಪೂರ್ತಿಯಾಗಿ ಬಂದಿರಲಿಲ್ಲ. ಹಾಗಂತ ಮಾತ್ರೆಯೇ ಮೆದುಳನ್ನು ಕೆಡಿಸಿತು ಅನ್ನಲು ಬರುವುದಿಲ್ಲ. ಹನ್ನೆರಡು ವರ್ಷ ನಿದ್ದೆ ಮಾತ್ರೆ ಬೇಕಾದವರಿಗೆ ಆತಂಕವೋ ಖಿನ್ನತೆಯೋ ಗೊರಕೆಯ ಕಾಯಿಲೆಯೋ ಮೊದಲೇ ಇದ್ದಿರಬಹುದು, ಅವೂ ನೆನಪನ್ನು ತಿನ್ನುತ್ತವೆ. ಮಾತ್ರೆ ಮುಟ್ಟದವರ ಜೊತೆ ಹೋಲಿಸುವುದೇ ಅಷ್ಟು ಸರಿಯಲ್ಲ.

ಅಲ್ಜೈಮರ್ ಬಗ್ಗೆಯೂ ಇದೇ ಗೊಂದಲ. 2014ರಲ್ಲಿ ಬ್ರಿಟನ್ನಿನ ಪ್ರಸಿದ್ಧ ವೈದ್ಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಮೂರು ತಿಂಗಳಿಗಿಂತ ಹೆಚ್ಚು ಈ ಮಾತ್ರೆ ತೆಗೆದುಕೊಂಡವರಲ್ಲಿ ಅಲ್ಜೈಮರ್ ಹೆಚ್ಚು ಕಂಡಿತು ಅಂತ ಹೇಳಿತು. ಪೇಪರುಗಳಲ್ಲೆಲ್ಲ ದೊಡ್ಡ ಸುದ್ದಿ. ಅದೇ ಪತ್ರಿಕೆಯಲ್ಲಿ 2016ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ, ಅತಿ ಹೆಚ್ಚು ತೆಗೆದುಕೊಂಡವರಲ್ಲಿ ಮರೆವಿನ ಕಾಯಿಲೆ ಹೆಚ್ಚಿರಲಿಲ್ಲ. ಮಾತ್ರೆಯೇ ಕಾರಣವಾಗಿದ್ದರೆ ಜಾಸ್ತಿ ನುಂಗಿದವರಿಗೆ ಜಾಸ್ತಿ ಬರಬೇಕಿತ್ತಲ್ವಾ? ಇದು ಅಷ್ಟು ಸುದ್ದಿಯಾಗಲಿಲ್ಲ. ಮರೆವಿನ ಕಾಯಿಲೆಯ ಆರಂಭದಲ್ಲೇ ನಿದ್ದೆ ಕೆಡುತ್ತದೆ, ಆಗ ಜನ ಮಾತ್ರೆ ಶುರು ಮಾಡುತ್ತಾರೆ, ಆಮೇಲೆ ಮಾತ್ರೆಯಿಂದ ಕಾಯಿಲೆ ಬಂದ ಹಾಗೆ ಕಾಣುತ್ತದೆ. ನನ್ನ ಮಟ್ಟಿಗೆ, ಅಲ್ಜೈಮರ್ ಭಯದಿಂದ ನೀವು ನಿದ್ದೆಗೆಡುವ ಅಗತ್ಯ ಇಲ್ಲ. ಬೀಳುವುದು ಮತ್ತು ಮಂಕಾಗುವುದು ಸಾಬೀತಾದ ಅಪಾಯಗಳು, ಮಾತ್ರೆ ಬಿಡಲು ಅಷ್ಟೇ ಕಾರಣ ಸಾಕಿತ್ತು.

ಈಗ ಸಿಹಿ. ನಿಮ್ಮ ಮಂಕಿಗೆ ಹಳೇ ಮಾತ್ರೆಗಿಂತ ಹೊಸ ಮಾತ್ರೆಯೇ ಕಾರಣ ಇರಬಹುದು. ಅಮಿಟ್ರಿಪ್ಟಿಲಿನ್ ಚಟ ಹಿಡಿಸುವುದಿಲ್ಲ, ನಿಜ. ಆದರೆ ಅದು ಮೆದುಳಿನ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕಕ್ಕೆ ಅಡ್ಡ ನಿಲ್ಲುತ್ತದೆ. ಗಮನ ಮತ್ತು ನೆನಪಿಗೆ ಬೇಕಾದ ರಾಸಾಯನಿಕ ಅದು. ಅಲ್ಜೈಮರ್ ಕಾಯಿಲೆಯವರಿಗೆ ಕೊಡುವ ಡೊನೆಪೆಜಿಲ್ ಇದನ್ನೇ ಹೆಚ್ಚಿಸಲು ನೋಡುತ್ತದೆ, ನಿಮ್ಮ ಮಾತ್ರೆ ಉಲ್ಟಾ ಕೆಲಸ ಮಾಡುತ್ತಿದೆ. ಬಾಯಿ ಒಣಗುತ್ತದಾ? ಮಲಬದ್ಧತೆ ಇದೆಯಾ? ಮೂತ್ರ ಸಲೀಸಾಗಿ ಹೋಗುವುದಿಲ್ಲವಾ? ಇದ್ದರೆ ಅನುಮಾನ ಗಟ್ಟಿ. ಬಿಯರ್ಸ್ ಪಟ್ಟಿಯಲ್ಲಿ ಇದೂ ಇದೆ. ನರದ ನೋವಿಗೋ ಮೈಗ್ರೇನಿಗೋ ಕೊಟ್ಟಿದ್ದರೆ ಲೆಕ್ಕ ಬೇರೆ, ಬರೀ ನಿದ್ದೆಗಾದರೆ ಬೇರೆ ದಾರಿ ಇದೆಯಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಇದನ್ನೂ ಒಮ್ಮೆಲೇ ನಿಲ್ಲಿಸಬೇಡಿ. ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ನಿಲ್ಲುತ್ತದೆ ಅಂತ ಮನೆಯವರು ಹೇಳಿದರೆ ನಿದ್ರಾ ಪರೀಕ್ಷೆ ಮಾಡಿಸಿ. ಕಿವಿಯೂ ಪರೀಕ್ಷೆಯಾಗಲಿ. ಹೊಸಬರ ಹೆಸರು ಸರಿಯಾಗಿ ಕೇಳಿಸದಿದ್ದರೆ ನೆನಪಿನಲ್ಲಿ ನಿಲ್ಲುವುದು ಹೇಗೆ?

ಪ್ರಶ್ನೆ: ಮಾವನವರಿಗೆ 78, ಬಿದ್ದು ಸೊಂಟ ಮುರಿದು ಬೆಂಗಳೂರಲ್ಲಿ ಆಪರೇಷನ್ ಆಯ್ತು. ಎರಡನೇ ದಿನದಿಂದ ಡ್ರಿಪ್ ಕಿತ್ತು ಹಾಕೋದು, ಗೋಡೆ ಮೇಲೆ ಇರುವೆ ಹರೀತಿವೆ ಅನ್ನೋದು. ಮನೆಗೆ ಬಂದು ಮೂರು ವಾರ ಆದರೂ ಇವತ್ತು ಯಾವ ವಾರ ಗೊತ್ತಾಗಲ್ಲ. ಅನಸ್ತೇಶಿಯಾ ಜಾಸ್ತಿ ಕೊಟ್ಟರಾ? ಬೆನ್ನಿಗೆ ಮಾತ್ರ ಕೊಡಿಸಬೇಕಿತ್ತಾ? (ಬಂಗಾರಪೇಟೆ)

ಉತ್ತರ: ಬೆನ್ನಿಗೆ ಕೊಡಿಸಿಲ್ಲ ಅಂತ ನೊಂದುಕೊಳ್ಳಬೇಡಿ. ಸೊಂಟ ಮುರಿದ 1,600 ಜನರ ಮೇಲೆ ನಡೆದು 2021ರಲ್ಲಿ ಬಂದ ಪ್ರಯೋಗದಲ್ಲಿ, ಬೆನ್ನಿಗೆ ಕೊಟ್ಟರೂ ಪೂರ್ತಿ ಪ್ರಜ್ಞೆ ತಪ್ಪಿಸಿದರೂ ಇಂಥ ಗೊಂದಲ ಬಂದದ್ದು ಹೆಚ್ಚೂಕಡಿಮೆ ಒಂದೇ, ಸುಮಾರು 20 ಪರ್ಸೆಂಟ್. ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ಅರವತ್ತು ದಾಟಿದವರಲ್ಲಿ ದೊಡ್ಡ ಆಪರೇಷನ್ ಆದ ಮೇಲಿನ ಮಂಕಿನ ಬಗ್ಗೆ 1998ರಲ್ಲಿ ಬಂದ ಹಲವು ದೇಶಗಳ ಅಧ್ಯಯನದಲ್ಲಿ, ಒಂದು ವಾರಕ್ಕೆ ಸುಮಾರು 26 ಪರ್ಸೆಂಟ್ ಜನರಲ್ಲಿ ಮಂಕು ಕಂಡಿತ್ತು, ಮೂರು ತಿಂಗಳಿಗೆ ಅದು ಸುಮಾರು 10 ಪರ್ಸೆಂಟಿಗೆ ಇಳಿದಿತ್ತು. ಅಂದರೆ ಹೆಚ್ಚಿನವರು ಹೊರಬರುತ್ತಾರೆ, ಆದರೆ ವಾರಗಳು ಹಿಡಿಯುತ್ತವೆ.

ಆದರೂ ಮೂರು ವಾರ ಅಂದರೆ ಸುಮ್ಮನೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕು, ಮೂತ್ರ ಕಟ್ಟಿರುವುದು, ಮಲಬದ್ಧತೆ, ನೋವು, ಸೋಡಿಯಂ ಇಳಿದಿರುವುದು ಎಲ್ಲಾ ನೋಡಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಅಥವಾ ನಿದ್ದೆ ಮಾತ್ರೆ ಉಳಿದುಕೊಂಡಿದೆಯಾ ನೋಡಿ. ಗಲಾಟೆ ಮಾಡುತ್ತಾರೆ ಅಂತ ಆಸ್ಪತ್ರೆಯಲ್ಲಿ ಶುರು ಮಾಡಿದ್ದು ಮನೆಗೂ ಬಂದುಬಿಟ್ಟಿರುತ್ತದೆ. ಇನ್ನೊಂದು ವಿಷಯ ಮನೆಯವರು ಹೇಳುವುದನ್ನೇ ಮರೆಯುತ್ತಾರೆ: ಬೀಳುವ ಮೊದಲು ಮನೆಯಲ್ಲಿ ದಿನಾ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರಾ? ಆಸ್ಪತ್ರೆಗೆ ಸೇರಿದಾಗ ಅದು ತಪ್ಪಿಹೋಗಿ ಎರಡನೇ ದಿನ ಇರುವೆ ಕಂಡಿರಲೂಬಹುದು. ಮನೆಯಲ್ಲಿ ಕನ್ನಡಕ ಹಾಕಿಸಿ, ಹಗಲು ಬೆಳಕಿನಲ್ಲಿ ಕೂರಿಸಿ, ದಿನ ಕಾಣುವ ಹಾಗೆ ಕ್ಯಾಲೆಂಡರ್ ತೂಗುಹಾಕಿ. ಇದು ಯಾವ ವಾರ ಹೇಳಿ ನೋಡೋಣ ಅಂತ ಬಂದವರೆಲ್ಲ ಪರೀಕ್ಷೆ ಮಾಡುವುದು ಬೇಡ.

ಪ್ರಶ್ನೆ: ಮಾವು ಹೂ ಬಿಡುವ ಕಾಲಕ್ಕೆ ತಾತನಿಗೆ ಸೀನು, ಮೂಗು ಸೋರೋದು. ಅಂಗಡಿಯಲ್ಲಿ ಕೊಡುವ ನೆಗಡಿ ಮಾತ್ರೆ ಹಾಕಿದರೆ ಎರಡು ದಿನ ಮಂಪರು. ಇದೂ ಅದೇನಾ? (ಮಾಲೂರು)

ಉತ್ತರ: ಅದೇ ಬಳಗ ಅಲ್ಲ, ಆದರೆ ಅದೇ ಫಲ. ಹೆಚ್ಚಿನ ನೆಗಡಿ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮಿನ್ ಇರುತ್ತದೆ. ಏವಿಲ್ ಮಾತ್ರೆಯಲ್ಲಿರುವ ಫೆನಿರಮಿನ್ ಕೂಡ ಅದರ ದಾಯಾದಿ. ಮೇಷ್ಟ್ರಿಗೆ ಹೇಳಿದ ಅಸಿಟೈಲ್‌ಕೋಲಿನ್‌ಗೆ ಇವೂ ಅಡ್ಡ ಬರುತ್ತವೆ. ಪ್ರಾಸ್ಟೇಟ್ ದೊಡ್ಡದಾಗಿರುವ ತಾತಂದಿರಿಗೆ ಮೂತ್ರವೇ ಕಟ್ಟಿಬಿಡಬಹುದು. ಮೂಗಿಗೆ ಉಪ್ಪುನೀರಿನ ಹನಿ ಹಾಕಿ ನೋಡಿ, ಮಾತ್ರೆ ಬೇಕೇ ಬೇಕಾದರೆ ಮಂಪರು ಕಡಿಮೆ ಇರುವುದನ್ನು ಡಾಕ್ಟರಿಂದ ಬರೆಸಿಕೊಳ್ಳಿ.

ಪ್ರಶ್ನೆ: ಮೊದಲೆಲ್ಲ ಖಾಲಿ ಸ್ಟ್ರಿಪ್ ತೋರಿಸಿದರೆ ಅಲ್ಪ್ರಾಜೋಲಾಮ್ ಕೊಡ್ತಿದ್ದರು. ಈಗ ಹೊಸ ಚೀಟಿ ತನ್ನಿ ಅಂತ ಅಂಗಡಿಯವರು ಜಗಳಕ್ಕೇ ಬರ್ತಾರೆ. ಅಜ್ಜಿಗೆ ಇನ್ನು ನಾಲ್ಕೇ ಮಾತ್ರೆ ಉಳಿದಿದೆ. (ಕೆಜಿಎಫ್)

ಉತ್ತರ: ಜಗಳದಲ್ಲಿ ಅಂಗಡಿಯವರ ಪಕ್ಷ ನನ್ನದು. ಅಲ್ಪ್ರಾಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಎಲ್ಲ ಎಚ್1 ಪಟ್ಟಿಯಲ್ಲಿವೆ. 2014ರ ಮಾರ್ಚಿನಿಂದ ಜಾರಿಯಲ್ಲಿರುವ ನಿಯಮ ಇದು. ಚೀಟಿ ಇಲ್ಲದೆ ಮಾರುವಂತಿಲ್ಲ. ಬರೆದ ಡಾಕ್ಟರು, ತೆಗೆದುಕೊಂಡ ರೋಗಿ, ಎಷ್ಟು ಮಾತ್ರೆ ಅನ್ನುವುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಮೊದಲು ಕೊಡುತ್ತಿದ್ದರಲ್ಲ, ತಪ್ಪು ಅದು.

ಆದರೆ ನಿಮ್ಮ ಕೈಯಲ್ಲಿ ನಾಲ್ಕು ದಿನ ಇದೆ. ಮುಗಿದ ಮೇಲೆ ನೋಡೋಣ ಅನ್ನಬೇಡಿ, ಮುಳಬಾಗಿಲಿನವರ ಪ್ರಶ್ನೆ ಮೇಲೆ ಓದಿದಿರಲ್ಲ. ನಾಳೆ ಬೆಳಿಗ್ಗೆಯೇ ಅಜ್ಜಿಯನ್ನು ಕರೆದುಕೊಂಡು ಹೋಗಿ. ಸ್ಟ್ರಿಪ್ ತೋರಿಸಿ, ಎಷ್ಟು ವರ್ಷದಿಂದ ಅಂತ ಹೇಳಿ, ಹೊಸ ಚೀಟಿ ಬರೆಸಿಕೊಳ್ಳಿ. ಬರೆಯುವಾಗಲೇ ಕೇಳಿ: ಇದನ್ನು ಇಳಿಸುವುದು ಯಾವಾಗ ಶುರು ಮಾಡೋಣ?